ಸಾಂಬಾರು ಚೆಲ್ಲಿದ ಬುಧವಾರ

ಹೋಟೆಲಿನವರ ಕಿವಿಗೆ ಬೀಳಬಾರದ ಮಾತು ಒಂದಿದ್ದರೆ ಅದು ವಾಂತಿ. ಜಿರಲೆ ಕಂಡಿತು ಅನ್ನಿ, ಕೂದಲು ಸಿಕ್ಕಿತು ಅನ್ನಿ, ಹೇಗೋ ಸಮಾಧಾನ ಮಾಡಿ ಇನ್ನೊಂದು ಪ್ಲೇಟು ತಂದಿಡುತ್ತಾರೆ. ವಾಂತಿ ಎಂದರೆ ಮಾತ್ರ ಮುಖದಲ್ಲಿ ರಕ್ತ ಇರುವುದಿಲ್ಲ. ನಾನು ಹೋಟೆಲಿನವರ ಮಗಳು, ಮುಂಬಯಿ ಪಕ್ಕದ ಠಾಣೆಯಲ್ಲಿ, ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಪ್ರದೇಶದಲ್ಲಿ, ಇಡ್ಲಿಯ ಹಬೆಯ ಮಧ್ಯೆ ಬೆಳೆದವಳು, ಇಷ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಬುಧವಾರ ಒಂದು ಗಂಟೆ ಹೊತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಆ ಒಂದು ಗಂಟೆಯ ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ.

ನನ್ನ ಕಾಯಿಲೆಗೆ ಬುಲಿಮಿಯಾ ಎಂದು ಹೆಸರು. ಹಸಿವಿಲ್ಲದೆಯೂ ಕದ್ದು ತಿನ್ನುವುದು, ನಿಲ್ಲಿಸಲಾಗದೆ ತಿನ್ನುವುದು, ಆಮೇಲೆ ಹೆದರಿ ತಿಂದದ್ದನ್ನೆಲ್ಲ ಹೊರಗೆ ಹಾಕುವುದು, ಕಡೆಗೆ ಮುಖ ತೊಳೆದು ಏನೂ ಆಗದವಳಂತೆ ನಗುವುದು. ಮೊದಲ ಸಲ ಬಂದದ್ದು ಎರಡು ಸಾವಿರದ ಮೂರರಲ್ಲಿ, ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ. ಪತ್ತೆ ಹಚ್ಚಿದವಳು ಅಮ್ಮ. ಹರಿಣಾಕ್ಷಿ ಎಂಬ ಹೆಸರಿನ ನನ್ನ ಅಮ್ಮ ಮಹಾ ಗಟ್ಟಿಗಿತ್ತಿ. ಠಾಣೆಯ ಡಾಕ್ಟರ ಹತ್ತಿರ ಹೋದರೆ ನಮ್ಮ ಊರಿನವರ ಸಂಘದವರು ಯಾರಾದರೂ ನೋಡುತ್ತಾರೆ ಎಂದು ಡೊಂಬಿವಲಿಯಲ್ಲಿ ಮುಕ್ತಾ ಎಂಬ ಡಾಕ್ಟರನ್ನು ಹುಡುಕಿದಳು. ಪ್ರತಿ ಗುರುವಾರ ಲೋಕಲ್ ರೈಲು ಹತ್ತಿ ಇಬ್ಬರೂ ಹೋಗುತ್ತಿದ್ದೆವು. ಅಪ್ಪನಿಗೆ ಹೇಳಿದ್ದು ಟೈಲರಿಂಗ್ ಕ್ಲಾಸು ಎಂದು. ಮೂರು ವರ್ಷ ಟೈಲರಿಂಗ್ ಕಲಿತ ಮಗಳಿಗೆ ಒಂದು ಗುಂಡಿ ಹೊಲಿಯಲು ಬರುವುದಿಲ್ಲ ಎಂಬುದು ಅಪ್ಪನ ತಲೆಗೆ ಹೊಳೆಯಲೇ ಇಲ್ಲ.

"ಅಪ್ಪನಿಗೆ ಗೊತ್ತಾಗುವುದು ಬೇಡ ಮಗಾ," ಎನ್ನುತ್ತಿದ್ದಳು ಅಮ್ಮ. "ಅವರು ಊರಿಗೆಲ್ಲ ಊಟ ಹಾಕುವವರು. ಮಗಳ ಹೊಟ್ಟೆಯಲ್ಲೇ ಊಟ ನಿಲ್ಲುವುದಿಲ್ಲ ಅಂತ ಗೊತ್ತಾದ್ರೆ ಹೋಟೆಲಿಗೆ ಬಾಗಿಲು ಹಾಕಿಯಾರು."

ಗುಣವಾಯಿತು. ಆರು ವರ್ಷ ನಾನು ಎಲ್ಲರ ಹಾಗೆ ತಿಂದೆ, ಎಲ್ಲರ ಹಾಗೆ ಉಂಡೆ, ಘಣಸೋಲಿಯ ಒಂದು ಆಫೀಸಿನಲ್ಲಿ ಕೆಲಸ ಮಾಡಿದೆ. ಎರಡು ಸಾವಿರದ ಹನ್ನೆರಡರಲ್ಲಿ ಆ ಆಫೀಸು ಪುಣೆಗೆ ಹೋಯಿತು, ನಾನು ಹೋಗಲಿಲ್ಲ. ಅದೇ ಸಮಯಕ್ಕೆ ಮೂಲ್ಕಿಯಲ್ಲಿ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು, ಅಮ್ಮ ಊರಿಗೆ ಓಡಿದಳು. ಅಮ್ಮ ಕೂರುತ್ತಿದ್ದ ಗಲ್ಲೆಯಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಕೌಂಟರಿನಲ್ಲಿ, ನಾನು ಬಂದು ಕೂತೆ. ಮೂರನೆಯ ವಾರಕ್ಕೆ ಹಳೆಯ ಕಾಯಿಲೆ ತಿರುಗಿ ಬಂತು. ಯಾಕೆ ಬಂತು ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜ್ವರ ಯಾಕೆ ಬಂತು ಎಂದು ಯಾರಾದರೂ ಅಷ್ಟು ಕೆದಕುತ್ತಾರೆಯೇ? ಕೆಲಸ ಇರಲಿಲ್ಲ, ಅಮ್ಮ ಇರಲಿಲ್ಲ, ಕಣ್ಣೆದುರು ದಿನವಿಡೀ ತಿಂಡಿ ಇತ್ತು. ಅಷ್ಟೇ ಗೊತ್ತು.

ಅಪ್ಪನ ಹೋಟೆಲಿನಲ್ಲಿ ಒಂದು ಕ್ರಮವಿದೆ. ಮಧ್ಯಾಹ್ನದ ಗದ್ದಲ ಶುರುವಾಗುವ ಮೊದಲು, ಹನ್ನೆರಡು ಗಂಟೆಗೆ, ಗಲ್ಲೆಯವರು ಬಾಗಿಲ ಪಕ್ಕದ ಟೇಬಲಿನಲ್ಲಿ ಎಲ್ಲರಿಗೂ ಕಾಣುವಂತೆ ಕೂತು ಊಟ ಮಾಡಬೇಕು. ಧಣಿಯ ಮನೆಯವರೇ ತಿನ್ನುವ ಅಡುಗೆ ಎಂದು ಗಿರಾಕಿಗೆ ಧೈರ್ಯ ಬರಬೇಕು. ಆ ಊಟವನ್ನು ಸ್ವತಃ ಬಡಿಸುವವರು ಕುಶಲಣ್ಣ. ಇಪ್ಪತ್ತೆರಡು ವರ್ಷದಿಂದ ನಮ್ಮ ಅಡುಗೆಯವರು, ಹೆಗಲ ಮೇಲೆ ಯಾವಾಗಲೂ ಒಂದು ಒಗೆದ ಬೈರಾಸು. "ಇನ್ನೊಂಚೂರು ಹಾಕ್ಲಾ?" ಎಂದು ಕೇಳುತ್ತಾರೆ, ಬೇಡ ಎನ್ನುವಷ್ಟರಲ್ಲಿ ಹಾಕಿರುತ್ತಾರೆ. ನಾನು ಆ ದಿನಗಳಲ್ಲಿ ಬೇಡ ಎನ್ನುತ್ತಲೂ ಇರಲಿಲ್ಲ. ಎರಡು ಸಲ, ಮೂರು ಸಲ ಹಾಕಿಸಿಕೊಂಡು ಗಬಗಬನೆ ತಿಂದು, ನಗುನಗುತ್ತ ಎದ್ದು ಹಿಂದಿನ ಬಾತ್‌ರೂಮಿಗೆ ಹೋಗುತ್ತಿದ್ದೆ.

ಆ ಬಾತ್‌ರೂಮಿಗೂ ಪಾತ್ರೆ ತೊಳೆಯುವ ಮೋರಿಗೂ ನಡುವೆ ಇರುವುದು ಒಂದೇ ಗೋಡೆ. ಮೋರಿಯಲ್ಲಿ ಇರುವವಳು ಚಂದ್ರಬಾಯಿ, ಸಾತಾರ ಕಡೆಯ ಐವತ್ತರ ಹೆಂಗಸು. ನಲ್ಲಿ ಜೋರಾಗಿ ಬಿಟ್ಟುಕೊಂಡರೆ ಅವಳಿಗೆ ಕೇಳಿಸುವುದಿಲ್ಲ ಎಂದು ನಾನು ತಿಳಿದಿದ್ದೆ. ಇಡೀ ಆಯುಷ್ಯ ನಲ್ಲಿಯ ಸದ್ದಿನಲ್ಲೇ ಕಳೆದವಳಿಗೆ ಅದರ ಆಚೆಗಿನದ್ದು ಕೇಳದೆ ಇರುತ್ತದೆಯೇ? ಹತ್ತು ದಿನ ಕೇಳಿಸಿಕೊಂಡಳು. ಹನ್ನೊಂದನೆಯ ದಿನ, ಆ ಬುಧವಾರ, ಮಧ್ಯಾಹ್ನ ಒಂದು ಗಂಟೆಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ಅಪ್ಪನ ಹತ್ತಿರ ಹೇಳಿದಳು:

"ಶೇಠ್, ಬೇಬೀಲಾ ರೋಜ್ ಉಲ್ಟಿ ಹೋತೇ."

ಮಗುವಿಗೆ ದಿನಾ ವಾಂತಿಯಾಗುತ್ತಿದೆ. ಅವಳು ಹೇಳಿದ್ದು ಕಾಳಜಿಯಿಂದ. ಅಪ್ಪ ಕೇಳಿಸಿಕೊಂಡದ್ದು ಬೇರೆಯೇ.

ನನ್ನ ಅಪ್ಪ ದೇವದಾಸ್ ಶಾಂತ ಮನುಷ್ಯ. ಅವರು ಓಡಿದ್ದನ್ನು ನಾನು ಆ ದಿನ ಮೊದಲ ಸಲ ನೋಡಿದೆ. ಎರಡು ತಿಂಗಳ ಹಿಂದಷ್ಟೇ ಪಕ್ಕದ ರಸ್ತೆಯ ಒಂದು ಕ್ಯಾಂಟೀನಿನಲ್ಲಿ ತಿಂದ ಹನ್ನೆರಡು ಮಂದಿ ಆಸ್ಪತ್ರೆ ಸೇರಿ, ಕ್ಯಾಂಟೀನಿಗೆ ಬೀಗ ಬಿದ್ದಿತ್ತು. ಅದು ಅವರ ತಲೆಯಲ್ಲಿ ಇದ್ದಿರಬೇಕು. ಒಳಗೆ ನುಗ್ಗಿ ಒಲೆಯ ಮೇಲಿದ್ದ ಸಾಂಬಾರಿನ ದೊಡ್ಡ ಪಾತ್ರೆಯನ್ನು ಇಬ್ಬರು ಸಪ್ಲೈಯರುಗಳಿಂದ ಎತ್ತಿಸಿ ಮೋರಿಗೆ ಚೆಲ್ಲಿಸಿದರು. ಪಲ್ಯ ಹೋಯಿತು, ಚಟ್ನಿ ಹೋಯಿತು, ಸಂಜೆಗೆ ಇಟ್ಟಿದ್ದ ಇಡ್ಲಿಯ ಹಿಟ್ಟೂ ಹೋಯಿತು. ಹೊರಗೆ ಬಂದು ಉಣ್ಣುತ್ತಿದ್ದವರ ಕೈಯಿಂದ ತಟ್ಟೆ ತೆಗೆದುಕೊಂಡು, "ಹೊಟ್ಟೆ ಸರಿ ಉಂಟಲ್ಲ? ಏನಾದ್ರೂ ಆಗ್ತಾ ಉಂಟಾ?" ಎಂದು ಒಬ್ಬೊಬ್ಬರನ್ನೂ ಕನ್ನಡ, ಹಿಂದಿ, ಮರಾಠಿ ಕಲಸಿ ಕೇಳಿದರು. ಜನ ಗಾಬರಿಯಿಂದ ಎದ್ದರು. ಶಟರು ಅರ್ಧ ಇಳಿಯಿತು.

ಆಮೇಲೆ ಅಪ್ಪ ಕುಶಲಣ್ಣನ ಕಡೆ ತಿರುಗಿದರು.

"ಕಾಯಿ ಯಾವತ್ತಿನದ್ದು?"

"ಬೆಳಿಗ್ಗೆ ಒಡೆದದ್ದು ಧಣಿ."

"ನಿನ್ನೆಯದ್ದು ಉಳಿದದ್ದು ಸೇರಿಸಿದ್ದೀಯಾ?"

ಕುಶಲಣ್ಣ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಇಪ್ಪತ್ತೆರಡು ವರ್ಷ ಆಯ್ತು ಧಣಿ. ನಾನು ನಿನ್ನೆಯ ಕಾಯಿ ಹಾಕುವವನಾ?"

"ಹತ್ತು ದಿನದಿಂದ ನನ್ನ ಮಗಳಿಗೆ ವಾಂತಿ. ಅವಳು ತಿನ್ನುವುದು ನಿನ್ನ ಕೈಯದ್ದು ಮಾತ್ರ. ನಾನು ಎಂತ ತಿಳ್ಕೊಳ್ಬೇಕು ಹೇಳು."

ಕುಶಲಣ್ಣ ಮೇಲಿನ ಕೋಣೆಗೆ ಹೋಗಿ, ಬಟ್ಟೆ ತುಂಬಿದ ಚೀಲ ಹಿಡಿದು ಇಳಿದು ಬಂದರು. ಕಲ್ಯಾಣದಲ್ಲಿ ಅವರ ಭಾವನ ಹೋಟೆಲಿದೆ, ಬಾ ಬಾ ಎಂದು ಆ ಭಾವ ವರ್ಷಗಳಿಂದ ಕರೆಯುತ್ತಿದ್ದರು. "ಕಲ್ಯಾಣಕ್ಕೆ ಹೋಗ್ತೇನೆ," ಎಂದು ಗೋಡೆಗೆ ಹೇಳಿ ಶಟರಿನ ಕೆಳಗೆ ಬಗ್ಗಿ ಹೊರಟುಹೋದರು.

ನಾನು ಗಲ್ಲೆಯಲ್ಲೇ ಕೂತಿದ್ದೆ. ನನಗೆ ಆಗ ಏನನ್ನಿಸಿತು ಎಂಬುದನ್ನು ಸುಳ್ಳು ಹೇಳದೆ ಹೇಳಬೇಕು. ನನಗೆ ಹಾಯೆನಿಸಿತು. ಬಚಾವಾದೆ ಅನ್ನಿಸಿತು. ತಪ್ಪು ಸಾಂಬಾರಿನ ಮೇಲೆ ಹೋಯಿತು, ಇನ್ನು ಯಾರೂ ನನ್ನನ್ನು ಕೇಳುವುದಿಲ್ಲ, ಒಂದು ವಾರ ಹೊಟ್ಟೆ ಕೆಟ್ಟವಳಂತೆ ಇದ್ದರಾಯಿತು ಎಂದು ಮನಸ್ಸು ಲೆಕ್ಕ ಹಾಕಿತು. ಈ ಕಾಯಿಲೆ ಮನುಷ್ಯರನ್ನು ಹೀಗೆ ಮಾಡುತ್ತದೆ. ನನ್ನನ್ನು ಎತ್ತಿ ಆಡಿಸಿದವರು ಹಳಸಿದ್ದು ಬಡಿಸಿದವನ ಹಣೆಪಟ್ಟಿ ಹೊತ್ತು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದರು, ನಾನು ನನ್ನ ಗುಟ್ಟು ಉಳಿದದ್ದಕ್ಕೆ ಸಂತೋಷಪಡುತ್ತಿದ್ದೆ.

ಅಷ್ಟರಲ್ಲಿ ಅಪ್ಪ ಎಲ್ಲಿಂದಲೋ ಒಂದು ಎಳನೀರು ಕೆತ್ತಿಸಿಕೊಂಡು ಬಂದರು. ಖಾಲಿ ಹೋಟೆಲಿನಲ್ಲಿ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು. ಎಳನೀರಿಗೆ ಸ್ಟ್ರಾ ಹಾಕಿ ನನ್ನ ಕಡೆ ದೂಡಿದರು.

"ಕುಡಿ ಮಗಾ," ಎಂದರು. ಆಮೇಲೆ, "ಸಾವಿರ ಜನಕ್ಕೆ ಬಡಿಸಿದೆ. ಕಡೆಗೆ ನನ್ನ ಮನೆಯ ಹುಡುಗಿಗೇ ವಿಷ ಹಾಕಿದ ಹಾಗಾಯ್ತು," ಎಂದರು. ಅವರ ಕಣ್ಣು ತುಂಬಿತ್ತು.

ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆಯಾಗಿತ್ತು.

"ಅಪ್ಪ, ಸಾಂಬಾರು ಸರಿ ಇತ್ತು."

"ಹಾಂ?"

"ಸಾಂಬಾರಿನಿಂದ ಆದದ್ದಲ್ಲ. ನಾನೇ. ತಿಂದದ್ದನ್ನು ನಾನೇ ಬೇಕಂತ ಹೊರಗೆ ಹಾಕುವುದು."

ನಾವು ಮನೆಯಲ್ಲಿ ಮಾತಾಡುವುದು ತುಳು. ಆ ಭಾಷೆಯಲ್ಲಿ ಈ ಕಾಯಿಲೆಯನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಡಾಕ್ಟರ ಹತ್ತಿರ ಹಿಂದಿ, ಅಮ್ಮನ ಹತ್ತಿರ ಕಣ್ಸನ್ನೆ. ಈಗ ತಡವರಿಸುತ್ತ ಎಲ್ಲ ಹೇಳಿದೆ. ಹತ್ತೊಂಬತ್ತನೇ ವಯಸ್ಸು, ಡೊಂಬಿವಲಿ, ಗುಣವಾದದ್ದು, ಈಗ ಮತ್ತೆ ಬಂದದ್ದು. ಅಪ್ಪ ನೆಲ ನೋಡುತ್ತ ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಅಳುತ್ತಾರೆ ಎಂದೂ ಕಾದೆ. ಅವರು ಮೆಲ್ಲಗೆ ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ... ರುಚಿ ಇರಲಿಲ್ಲವಾ?"

ನನಗೆ ನಗುವೂ ಬಂತು, ಅಳುವೂ ಬಂತು. ಎರಡೂ ಸೇರಿ ಮೂಗಿನಿಂದ ಒಂದು ವಿಚಿತ್ರ ಶಬ್ದ ಬಂತು. "ರುಚಿ ಇತ್ತು ಅಪ್ಪ. ತುಂಬಾ ರುಚಿ ಇತ್ತು," ಎಂದೆ.

ಅವರು ಎದ್ದು, "ಮೊದಲು ಕುಶಲನನ್ನು ಕರ್ಕೊಂಡು ಬರ್ಬೇಕು," ಎಂದು ಚಪ್ಪಲಿ ಹುಡುಕಿದರು. ನಾನು ಅವರನ್ನು ಕೂರಿಸಿದೆ. ಕರೆತರಬೇಕಾದವಳು ನಾನು.

ಕುಶಲಣ್ಣ ಬಸ್ ಸ್ಟಾಪಿನ ಸಾಲಿನಲ್ಲಿ ಕೊನೆಯವರಾಗಿ ನಿಂತಿದ್ದರು. ಸ್ಟೇಷನ್ನಿಗೆ ಹೋಗುವ ಎರಡು ಬಸ್ಸನ್ನು ಹತ್ತದೆ ಬಿಟ್ಟಿದ್ದರಂತೆ. ಯಾರಾದರೂ ಕರೆಯಲು ಬರುತ್ತಾರೆ ಎಂದು ಕಾಯುತ್ತಿದ್ದರೋ ಏನೋ, ನಾನು ಕೇಳಲಿಲ್ಲ. ಫ್ಯಾಕ್ಟರಿಯ ಮೊದಲ ಪಾಳಿ ಮುಗಿಸಿದವರು ತುಂಬಿದ್ದ ಆ ಸಾಲಿನಲ್ಲಿ ನಿಂತು, ಒಂದೇ ದಿನದಲ್ಲಿ ಎರಡನೆಯ ಸಲ ಹೇಳಿದೆ. ಎರಡನೆಯ ಸಲ ಸುಲಭವಾಗುತ್ತದೆ ಎಂದು ಹೇಳುವವರು ಇದ್ದಾರೆ. ನನಗೇನೂ ಸುಲಭವಾಗಲಿಲ್ಲ, ಆದರೆ ವಾಕ್ಯಗಳು ಚಿಕ್ಕವಾದವು.

ಕುಶಲಣ್ಣ ಬೈರಾಸಿನಿಂದ ಮುಖ ಒರೆಸಿಕೊಂಡರು. "ನೀನು ಮೂರು ಸಲ ಹಾಕಿಸಿಕೊಂಡು ತಿನ್ನುವಾಗ ನನಗೆ ಎಷ್ಟು ಖುಷಿ ಆಗ್ತಿತ್ತು ಗೊತ್ತುಂಟಾ ಮಾರಾಯ್ತಿ," ಎಂದರು. "ಬೇಕಂತಲೇ ಪಾಯಸ ತೆಗೆದಿಡ್ತಿದ್ದೆ. ನಾನೇ ಹಾಕಿ ಹಾಕಿ ಹಾಳು ಮಾಡಿದೆನಾ?"

"ಇಲ್ಲ ಕುಶಲಣ್ಣ. ನೀವಲ್ಲ."

"ಮತ್ತೆ ಯಾರು?"

"ಯಾರೂ ಅಲ್ಲ. ಕಾಯಿಲೆ."

ಅವರು ನೆಲದ ಮೇಲಿದ್ದ ಚೀಲ ಎತ್ತಿಕೊಂಡರು. "ನಾನು ಬರ್ತೇನೆ. ಆದ್ರೆ ಸಾಂಬಾರು ಸರಿ ಇತ್ತು ಅಂತ ಧಣಿ ಎಲ್ಲರ ಎದುರು ಹೇಳ್ಬೇಕು. ನಿನ್ನ ವಿಷಯ ಹೇಳುವುದು ಬೇಡ. ಸಾಂಬಾರಿನ ವಿಷಯ ಮಾತ್ರ."

ಅಪ್ಪ ಹೇಳಿದರು. ಸಪ್ಲೈಯರುಗಳು, ಚಂದ್ರಬಾಯಿ, ಎಲ್ಲರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿ, "ಸಾಂಬಾರು ಸರಿ ಇತ್ತು. ಕುಶಲನ ಕೈಯಲ್ಲಿ ತಪ್ಪಿಲ್ಲ. ಗಡಿಬಿಡಿ ಮಾಡಿದ್ದು ನಾನು," ಎಂದರು. ಹಾಗಾದರೆ ಅಷ್ಟು ಸಾಂಬಾರು ಯಾಕೆ ಚೆಲ್ಲಿದ್ದು ಎಂದು ಯಾರೂ ಕೇಳಲಿಲ್ಲ. ಧಣಿಗೆ ತಲೆ ಕೆಟ್ಟಿದೆ ಎಂದು ಒಬ್ಬಿಬ್ಬರು ಅಂದುಕೊಂಡಿರಬೇಕು. ಅಪ್ಪ ಅದನ್ನೂ ಸಹಿಸಿಕೊಂಡರು.

ಶನಿವಾರ ಅಪ್ಪನೂ ನಾನೂ ಡೊಂಬಿವಲಿಗೆ ಹೋದೆವು. ಹಳೆಯ ಕಟ್ಟಡ, ಕಡಿದಾದ ಮೆಟ್ಟಿಲು, ಎರಡನೆಯ ಮಾಳಿಗೆ. ಬಾಗಿಲ ಮೇಲಿನ ಬೋರ್ಡು ಓದಿ ಅಪ್ಪ, "ಇದಾ ಟೈಲರಿಂಗ್ ಕ್ಲಾಸು?" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆದರೆ ಕಾಯುವ ಬೆಂಚಿನ ಮೇಲೆ ಕೂತು, "ಮೂರು ವರ್ಷ. ನನಗೊಬ್ಬನಿಗೆ ಹೇಳ್ಲಿಲ್ಲ ನೀವು," ಎಂದಾಗ ಅವರ ಧ್ವನಿಯಲ್ಲಿ ನೋವಿತ್ತು. ರಾತ್ರಿ ಅಮ್ಮನಿಗೆ ಫೋನು ಮಾಡಿ ಅದನ್ನೇ ಹೇಳಿದರಂತೆ. ಅಮ್ಮ ಆ ತುದಿಯಲ್ಲಿ ಬಹಳ ಹೊತ್ತು ಅತ್ತಳಂತೆ.

ಮುಕ್ತಾ ಡಾಕ್ಟರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಬಂದದ್ದು ಒಳ್ಳೆಯದಾಯಿತು ಎಂದರು, ಯಾಕೆ ಮತ್ತೆ ಬಂದೆ ಎನ್ನಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ವಾರಕ್ಕೊಮ್ಮೆ ಬರಲು ಹೇಳಿದರು. ಈ ಕಾಯಿಲೆ ತಿರುಗಿ ಬರುವುದುಂಟು, ಬಂದರೆ ಹಿಂದೆ ಗುಣವಾದದ್ದು ಸುಳ್ಳಾಗುವುದಿಲ್ಲ ಎಂದರು. ಆ ಮಾತು ಕೇಳಲು ನಾನು ಎಷ್ಟು ಹಸಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಅಪ್ಪ ಎಲ್ಲ ಕೇಳಿಸಿಕೊಂಡು, ತಮ್ಮ ಹರುಕು ಮರಾಠಿಯಲ್ಲಿ ಹೋಟೆಲಿನವರ ಪ್ರಶ್ನೆಯನ್ನೇ ಕೇಳಿದರು. ಎಷ್ಟು ಬಡಿಸಬೇಕು?

ಡಾಕ್ಟರು ವಿವರಿಸಿದರು. ದಿನಕ್ಕೆ ಇಷ್ಟು ಸಲ, ಇಂಥ ಹೊತ್ತಿಗೆ, ಒಂದೇ ಅಳತೆ. ಹೊತ್ತು ತಪ್ಪಿಸಬಾರದು, ಉಪವಾಸ ಮಾಡಿಸಬಾರದು. ಇನ್ನಷ್ಟು ಹಾಕಲೇ ಎಂದು ಕೇಳಬಾರದು, ಇಷ್ಟೇ ತಿಂದೆಯಾ ಎಂದೂ ಕೇಳಬಾರದು. ಊಟವಾದ ಮೇಲೆ ಒಂದು ಗಂಟೆ ಯಾರಾದರೂ ಜೊತೆಗಿರಬೇಕು. ಕಾವಲು ಕಾಯುವುದಲ್ಲ, ಸುಮ್ಮನೆ ಜೊತೆ. ಒಂದು ದಿನ ತಪ್ಪಿದರೆ ಅದಕ್ಕೆ ಶಿಕ್ಷೆಯಿಲ್ಲ, ಮುಂದಿನ ಊಟ ಸಮಯಕ್ಕೆ ಸರಿಯಾಗಿ ಬರಬೇಕು.

ಅಪ್ಪನ ಮುಖ ಅರಳಿತು. "ಅಂದ್ರೆ ಲಿಮಿಟೆಡ್ ರೈಸ್ ಪ್ಲೇಟು," ಎಂದರು.

ನಮ್ಮ ಹೋಟೆಲಿನಲ್ಲಿ ಊಟ ಎರಡು ಬಗೆ. ಅನ್‌ಲಿಮಿಟೆಡ್ ಎಂದರೆ ಸಪ್ಲೈಯರು ಬೇಕೇ ಬೇಕೇ ಎನ್ನುತ್ತ ಸುತ್ತುತ್ತಿರುತ್ತಾನೆ. ಲಿಮಿಟೆಡ್ ಎಂದರೆ ಎರಡು ಚಪಾತಿ, ಅನ್ನ, ನಾಲ್ಕು ಬಟ್ಟಲು, ಒಂದು ಹಪ್ಪಳ. ತಂದಿಟ್ಟ ಮೇಲೆ ಯಾರೂ ಆ ಟೇಬಲಿನ ಕಡೆ ತಲೆ ಹಾಕುವುದಿಲ್ಲ. ಪ್ರೀತಿಯಿಂದ ಬಡಿಸುವವರ ಮನೆಯಲ್ಲಿ ಹುಟ್ಟಿದ ನನಗೆ, ಯಾರೂ ತಲೆ ಹಾಕದ ಆ ತಟ್ಟೆಯಲ್ಲಿ ಎಂಥ ಆರಾಮವಿದೆ ಎಂಬುದು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಕುಶಲಣ್ಣನಿಗೆ ಮಾತ್ರ ಇದು ದೊಡ್ಡ ತಪಸ್ಸು. ತಟ್ಟೆ ಇಟ್ಟು, ತುಟಿ ಬಿಗಿಹಿಡಿದು, ಬೆನ್ನು ತಿರುಗಿಸಿ ಹೋಗುತ್ತಿದ್ದರು. ಬಾಗಿಲ ಪಕ್ಕದ ಟೇಬಲು ಬಿಟ್ಟು ಒಳಗಿನ ಮೂಲೆಗೆ ಬಂದೆ. ಊಟದ ನಂತರದ ಒಂದು ಗಂಟೆಗೆ ಚಂದ್ರಬಾಯಿ ಬರುತ್ತಿದ್ದಳು. ತನ್ನ ಡಬ್ಬಿಯ ಭಾಕ್ರಿ ಬಿಚ್ಚಿ ನನ್ನೆದುರು ಕೂತು, ಟಿ.ವಿ. ಧಾರಾವಾಹಿಯ ಅತ್ತೆಯೊಬ್ಬಳನ್ನು ಮನಸಾರೆ ಬೈಯುತ್ತಿದ್ದಳು. ನನ್ನ ಕಾಯಿಲೆಯ ಬಗ್ಗೆ ಅವಳು ಕೇಳಲಿಲ್ಲ, ನಾನೇ ಹೇಳಿದೆ. ಅದು ಮೂರನೆಯ ಸಲ.

ಇಪ್ಪತ್ತಾರು ದಿನ ಸರಿ ಹೋಯಿತು. ಇಪ್ಪತ್ತೇಳನೆಯ ದಿನ ಚಂದ್ರಬಾಯಿ ಮೊಮ್ಮಗನ ಬಾರಸೆಗೆಂದು, ಅಂದರೆ ನಾಮಕರಣಕ್ಕೆಂದು, ರಜೆ ಹಾಕಿದಳು. ಒಂದು ದಿನ ತಾನೇ, ಒಬ್ಬಳೇ ಇರಬಲ್ಲೆ ಎಂದು ನಾನು ಯಾರಿಗೂ ಹೇಳಲಿಲ್ಲ. ಇರಲಾಗಲಿಲ್ಲ. ಒಂದೂವರೆ ಗಂಟೆಗೆ ಮುಖ ತೊಳೆದುಕೊಂಡು ಬಾತ್‌ರೂಮಿನ ಬಾಗಿಲಲ್ಲಿ ನಿಂತೆ. ಹೊರಗೆ ಹೋಟೆಲು ತುಂಬಿ ತುಳುಕುತ್ತಿತ್ತು. ಅಮ್ಮ ಇನ್ನೂ ಊರಿನಲ್ಲೇ ಇದ್ದಳು, ಗಲ್ಲೆಯಲ್ಲಿ ಅಪ್ಪ ಇದ್ದರು. ಅವರ ಎದುರು ಗಿರಾಕಿಗಳ ಸಾಲು ಇತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆಯೂ ಗೊತ್ತಾಗುತ್ತಿರಲಿಲ್ಲ, ನಾಡಿದ್ದೂ ಗೊತ್ತಾಗುತ್ತಿರಲಿಲ್ಲ. ಹಾಗೆ ಎಷ್ಟು ದಿನ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು.

ಟೇಬಲುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಗಲ್ಲೆಯ ಪಕ್ಕದಲ್ಲಿ ನಿಂತೆ.

"ಅಪ್ಪ," ಎಂದೆ ತುಳುವಿನಲ್ಲಿ. "ಇವತ್ತು ಆಯ್ತು. ಈಗಷ್ಟೇ."

ಅಪ್ಪನ ಕೈ ನಿಂತಿತು. ಅವರ ಮುಖದಲ್ಲಿ ಭಯ ಬಂದು ಹೋದದ್ದು ಕಂಡಿತು. ಯಾಕೆ ಎಂದು ಕೇಳಲು ಬಾಯಿ ತೆರೆದರು, ಕೇಳದೆ ಮುಚ್ಚಿದರು. ಗಲ್ಲೆಯ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಹೊರಗೆ ತಳ್ಳಿ ತಮ್ಮ ಪಕ್ಕಕ್ಕೆ ಎಳೆದುಕೊಂಡರು.

"ಕೂತ್ಕೋ ಮಗಾ. ನಾಲ್ಕು ಗಂಟೆಗೆ ತಿಂಡಿ ಉಂಟು. ಅಲ್ಲಿಯವರೆಗೆ ಇಲ್ಲೇ ಇರು."

ಕೂತೆ. ನನ್ನ ಕಣ್ಣು ಕೆಂಪಾಗಿತ್ತು, ಮುಖ ಊದಿತ್ತು. ಸಾಲಿನಲ್ಲಿ ಮೊದಲು ನಿಂತಿದ್ದವರು ದಿನಾ ಊಟಕ್ಕೆ ಬರುವ, ಪ್ರೆಸ್ಸೊಂದರಲ್ಲಿ ಕೆಲಸ ಮಾಡುವ ಹಿರಿಯರು. ಅವರು ನನ್ನನ್ನೇ ನೋಡಿ, "ಕಾಯ್ ಝಾಲಂ ಮುಲೀಲಾ?" ಎಂದು ಕೇಳಿದರು. ಹುಡುಗಿಗೆ ಏನಾಯಿತು?

ಏನಿಲ್ಲ, ಶೀತ ಎಂದು ಹೇಳಬಹುದಿತ್ತು. ಹೋಟೆಲಿನವರು ಯಾರಾದರೂ ಹಾಗೆಯೇ ಹೇಳುತ್ತಾರೆ, ಅದೂ ಮಧ್ಯಾಹ್ನದ ಹೊತ್ತಿನಲ್ಲಿ, ಉಣ್ಣುವವರ ನಡುವೆ. ಅಪ್ಪ ತಲೆಯೆತ್ತಿ, ಇಡೀ ಹೋಟೆಲಿಗೆ ಕೇಳುವ ಧ್ವನಿಯಲ್ಲಿ ಮರಾಠಿಯಲ್ಲೇ ಉತ್ತರಿಸಿದರು.

"ನನ್ನ ಮಗಳು. ಊಟ ಹೊಟ್ಟೆಯಲ್ಲಿ ನಿಲ್ಲದ ಕಾಯಿಲೆ ಉಂಟು ಅವಳಿಗೆ. ಔಷಧಿ ನಡೀತಾ ಉಂಟು."

ಹತ್ತಿರದ ಎರಡು ಟೇಬಲಿನವರು ತಿನ್ನುವುದು ನಿಲ್ಲಿಸಿ ನೋಡಿದರು. ಹಿರಿಯರು "ಹೌದಾ, ಕಾಳಜಿ ತಗೊಳ್ಳಿ," ಎಂದು ತಲೆಯಾಡಿಸಿ ಮುಂದೆ ಸರಿದರು. ನೋಡಿದವರು ಮತ್ತೆ ತಿನ್ನಲು ಶುರು ಮಾಡಿದರು. ಅಪ್ಪ ಮುಂದಿನವರ ಕಡೆ ತಿರುಗಿದರು, ಎಡಗೈ ನನ್ನ ಬೆನ್ನ ಮೇಲೆ ಇತ್ತು.

ನಾಲ್ಕು ಗಂಟೆಗೆ ಕುಶಲಣ್ಣ ಎರಡು ಇಡ್ಲಿಯ ತಟ್ಟೆ ತಂದಿಟ್ಟು, ಏನೂ ಕೇಳದೆ ಹೋದರು. ನಾನು ತಿಂದೆ.